ಕುತ್ತಿಗೆ ನೋವಿಗೆ ಬೆನ್ನುಮೂಳೆಯ ಇಂಜೆಕ್ಷನ್: ಒಪ್ಪುವ ಮುನ್ನ ನಿರ್ಧರಿಸುವುದು ಹೇಗೆ?

ಕುತ್ತಿಗೆಯಲ್ಲಿ ಹುಟ್ಟಿ, ಭುಜಕ್ಕಿಳಿದು, ತೋಳಿನುದ್ದಕ್ಕೂ ಸೆಳೆಯುವ ನೋವಿಗೆ ಮಾತ್ರೆ, ಶಾಖ, ಕಾಲರ್ ಎಲ್ಲವೂ ಮುಗಿದ ಮೇಲೆ ‘ಬೆನ್ನುಮೂಳೆಗೆ ಒಂದು ಇಂಜೆಕ್ಷನ್ ಕೊಟ್ಟು ನೋಡೋಣ’ ಎಂದು ವೈದ್ಯರು ಸೂಚಿಸುವುದುಂಟು. ಇದು ತುರ್ತಾಗಿ ಮಾಡಲೇಬೇಕಾದ ಚಿಕಿತ್ಸೆಯಲ್ಲ. ಕೆಳಗೆ ಹೇಳುವ ಅಪಾಯದ ಲಕ್ಷಣಗಳು ಇಲ್ಲದಿದ್ದರೆ, ಯೋಚಿಸಲು ಒಂದೆರಡು ವಾರ ತೆಗೆದುಕೊಂಡರೂ ನಷ್ಟವಿಲ್ಲ.

1. ನೋವಿನ ಮೂಲ ಯಾವುದೆಂದು ತಿಳಿಯಿರಿ

ಇಡೀ ನಿರ್ಧಾರ ನಿಂತಿರುವುದು ಇದರ ಮೇಲೆಯೇ. ಕುತ್ತಿಗೆಯ ಮೂಳೆಗಳ ನಡುವಿನಿಂದ ಹೊರಡುವ ನರಕ್ಕೆ ಜಾರಿದ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಅಥವಾ ಬೆಳೆದ ಮೂಳೆಯ ಅಂಚು ಒತ್ತಿದಾಗ, ನೋವು ಕುತ್ತಿಗೆಗಿಂತ ತೋಳಿನಲ್ಲೇ ಹೆಚ್ಚಾಗಿರುತ್ತದೆ. ಆರನೆಯ ನರವಾದರೆ ಹೆಬ್ಬೆರಳು ಮತ್ತು ತೋರುಬೆರಳು ಜೋಮು ಹಿಡಿಯುತ್ತವೆ, ಏಳನೆಯದಾದರೆ ನಡುಬೆರಳು ಜೋಮು ಹಿಡಿದು, ಮೊಣಕೈ ನೀಡಿ ಬಾಗಿಲು ತಳ್ಳುವ ಶಕ್ತಿ ಕುಂದುತ್ತದೆ, ಎಂಟನೆಯದಾದರೆ ಕಿರುಬೆರಳು. ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡಾಗ ತೋಳಿನ ನೋವು ಇಳಿದರೆ, ನರವೇ ಕಾರಣವೆಂಬ ಅನುಮಾನ ಬಲವಾಗುತ್ತದೆ.

ಕೈಯನ್ನು ಬೆನ್ನ ಹಿಂದೆ ಒಯ್ಯಲಾಗದಿದ್ದರೆ, ಮತ್ತೊಬ್ಬರು ಎತ್ತಿದರೂ ತೋಳು ಮೇಲೇಳದಿದ್ದರೆ, ದೋಷ ಭುಜದ ಕೀಲಿನಲ್ಲೇ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇಂಥ ಬಿಗಿದ ಭುಜ, ಅಂದರೆ ಫ್ರೋಜನ್ ಶೋಲ್ಡರ್, ತೀರ ಸಾಮಾನ್ಯ. ಕುತ್ತಿಗೆಗೆ ಚುಚ್ಚಿದರೆ ಅದು ವಾಸಿಯಾಗದು. ನಡೆದಾಗ, ಮೆಟ್ಟಿಲು ಹತ್ತಿದಾಗ ಮಾತ್ರ ಬರುವ ಎಡಭುಜದ ನೋವಿಗಂತೂ ಮೊದಲು ಹೃದಯದ ಪರೀಕ್ಷೆಯಾಗಬೇಕು.

ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದು ಓದಿದೊಡನೆ ಗಾಬರಿಯಾಗಬೇಕಿಲ್ಲ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಕುತ್ತಿಗೆಯ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 87.6ರಷ್ಟು ಮಂದಿಗೆ ಅದೇ ಉಬ್ಬು ಕಂಡುಬಂದಿತ್ತು. ಹೀಗಾಗಿ ಚಿತ್ರದಲ್ಲಿ ಕಂಡ ಮಟ್ಟ, ಜೋಮು ಹಿಡಿದ ಬೆರಳು ಮತ್ತು ವೈದ್ಯರು ಕೈಮುಟ್ಟಿ ಮಾಡಿದ ಪರೀಕ್ಷೆ ಮೂರೂ ಒಂದೇ ನರವನ್ನು ತೋರಿಸುತ್ತಿವೆಯೇ ಎಂದು ಕೇಳಿ. ರೋಗಿಯನ್ನು ಮುಟ್ಟದೆ ಫಿಲ್ಮ್ ಮಾತ್ರ ನೋಡಿ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಮತ್ತೊಬ್ಬ ತಜ್ಞರನ್ನು ಕಾಣುವುದೇ ಲೇಸು.

2. ಅಪಾಯದ ಲಕ್ಷಣಗಳನ್ನು ನೋಡಿ

ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡಿಗೆ ತೂರಾಡುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಮಿದುಳುಬಳ್ಳಿಯೇ ಒತ್ತಡಕ್ಕೆ ಸಿಕ್ಕಿರುವ ಸೂಚನೆಗಳಾಗಿರಬಹುದು. ನೋವಿನ ಜತೆ ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಸೋಂಕನ್ನೋ ಗಡ್ಡೆಯನ್ನೋ ಹುಡುಕಬೇಕು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇಂದಿಗೂ ಇದೆ. ಕೈಯ ಬಲ ದಿನದಿಂದ ದಿನಕ್ಕೆ ಕುಸಿಯುತ್ತಿದ್ದರೂ ಇಂಜೆಕ್ಷನ್ನಿನ ಮಾತು ಬಿಟ್ಟು, ತಡಮಾಡದೆ ನರಶಸ್ತ್ರ ತಜ್ಞರ ಬಳಿ ಹೋಗಬೇಕು.

3. ಯಾವ ಇಂಜೆಕ್ಷನ್, ಯಾವ ಹಂತದಲ್ಲಿ ಎಂದು ಕೇಳಿ

ನರದ ಸುತ್ತಲಿನ ಉರಿಯೂತ ತಗ್ಗಿಸಲು ಮಿದುಳುಬಳ್ಳಿಯ ಹೊದಿಕೆಯ ಹೊರಗೆ ಸ್ಟೀರಾಯ್ಡ್ ಬಿಡುವುದು ಎಪಿಡ್ಯೂರಲ್. ಕುತ್ತಿಗೆಯ ಹಿಂಬದಿಯ ಪುಟ್ಟ ಕೀಲುಗಳಿಗೆ ಕೊಡುವುದು ಫ್ಯಾಸೆಟ್ ಇಂಜೆಕ್ಷನ್. ಎರಡೂ ಜಾರಿದ ಡಿಸ್ಕನ್ನು ಸ್ವಸ್ಥಾನಕ್ಕೆ ಕೂರಿಸುವುದಿಲ್ಲ.

ನರ ಒತ್ತಿ ಬಂದ ತೋಳುನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಹೊರಬಂದ ಡಿಸ್ಕ್‌ನ ತುಣುಕು ಕ್ರಮೇಣ ಕುಗ್ಗುವುದೂ ಉಂಟು. ಮತ್ತೊಂದು ತುದಿಯಲ್ಲಿ, ಮೂರು ತಿಂಗಳು ದಾಟಿದ ಬೆನ್ನುಮೂಳೆಯ ನೋವಿಗೆ ಎಪಿಡ್ಯೂರಲ್, ಫ್ಯಾಸೆಟ್ ಇಂಜೆಕ್ಷನ್‌ಗಳನ್ನು ವಾಡಿಕೆಯಾಗಿ ಕೊಡಬಾರದೆಂದು ‘ಬಿಎಂಜೆ’ ವೈದ್ಯ ಪತ್ರಿಕೆ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ನೋವು ಚಿಕಿತ್ಸಾ ತಜ್ಞರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಸೊಂಟದಲ್ಲಿ ನಡೆದಷ್ಟು ಅಧ್ಯಯನ ಕುತ್ತಿಗೆಯಲ್ಲಿ ನಡೆದಿಲ್ಲವೆಂಬುದಂತೂ ನಿಜ.

ಇವೆರಡನ್ನೂ ಕೂಡಿಸಿ ನೋಡಿದರೆ, ಈ ಲೇಖಕನ ದೃಷ್ಟಿಯಲ್ಲಿ ಇಂಜೆಕ್ಷನ್‌ಗೆ ಉಳಿಯುವ ಜಾಗ ಕಿರಿದು. ಆರು ವಾರ ಮಾತ್ರೆ ಮತ್ತು ಫಿಸಿಯೋಥೆರಪಿ ಮಾಡಿದರೂ ರಾತ್ರಿ ನಿದ್ದೆ ಮಾಡಲು ಬಿಡದಷ್ಟು ತೋಳುನೋವು ಇದ್ದು, ನರದ ಮೂಲ ಖಚಿತವಾಗಿರುವವರಿಗೆ ನೋವು ತಾನಾಗಿ ಇಳಿಯುವವರೆಗೆ ದಿನ ದೂಡಲು ಅದು ನೆರವಾಗಬಹುದು. ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಮತ್ತು ಹೆಗಲು ಮಾತ್ರ ಬಿಗಿಯುವವರಿಗೆ ಎಪಿಡ್ಯೂರಲ್ ಕೊಡುವುದರಲ್ಲಿ ಅರ್ಥ ಕಾಣದು.

4. ಅಪಾಯದ ಬಗ್ಗೆ ನೇರವಾಗಿ ಪ್ರಶ್ನಿಸಿ

ಸ್ಟೀರಾಯ್ಡ್ ಎಪಿಡ್ಯೂರಲ್‌ನಿಂದ ಪಾರ್ಶ್ವವಾಯು, ದೃಷ್ಟಿನಾಶ, ಸಾವು ಕೂಡ ಅಪರೂಪಕ್ಕೆ ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಕುತ್ತಿಗೆಯಲ್ಲಿ ನರ ಹೊರಬರುವ ರಂಧ್ರದ ಪಕ್ಕದಲ್ಲೇ ಮಿದುಳಿಗೂ ಮಿದುಳುಬಳ್ಳಿಗೂ ರಕ್ತ ಒಯ್ಯುವ ನಾಳಗಳಿರುವುದರಿಂದ, ಕಣಗಳಿರುವ ಸ್ಟೀರಾಯ್ಡ್ ಅಲ್ಲಿಗೆ ಸೇರಿದರೆ ನಾಳ ಮುಚ್ಚಿಹೋಗಬಹುದು. ಆದ್ದರಿಂದ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಪಕ್ಕದ ರಂಧ್ರದ ಮೂಲಕವೋ, ಹಿಂಬದಿಯಿಂದಲೋ? ಪಕ್ಕದಿಂದಾದರೆ ಕಣಗಳಿಲ್ಲದ ಡೆಕ್ಸಾಮೆಥಾಸೋನ್ ಬಳಸುತ್ತೀರಾ? ಹಿಂಬದಿಯಿಂದಾದರೆ, ಸೂಜಿಗೆ ಹೆಚ್ಚು ಜಾಗವಿರುವ ಕುತ್ತಿಗೆಯ ಬುಡದಲ್ಲಿ ಚುಚ್ಚುತ್ತೀರಾ? ಸಿ-ಆರ್ಮ್ ಎಕ್ಸ್‌-ರೇಯಲ್ಲಿ ನೋಡುತ್ತಾ, ಮೊದಲು ಕಾಂಟ್ರಾಸ್ಟ್ (ಎಕ್ಸ್-ರೇಯಲ್ಲಿ ಕಾಣುವ ದ್ರವ) ಒಳಕ್ಕೆ ಹರಿಸಿ ಸೂಜಿಯ ಜಾಗ ಪರೀಕ್ಷಿಸುತ್ತೀರಾ? ‘ಕೈ ಅಂದಾಜಿನಲ್ಲೇ ಕೊಡುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಪೂರ್ತಿ ಪ್ರಜ್ಞೆ ತಪ್ಪಿಸುವುದೂ ಒಳ್ಳೆಯದಲ್ಲ. ಸೂಜಿ ನರಕ್ಕೆ ತಗುಲಿದರೆ ‘ಕೈಗೆ ಶಾಕ್ ಹೊಡೆದಂತಾಯಿತು’ ಎಂದು ಹೇಳಲು ರೋಗಿಗೆ ಎಚ್ಚರವಿರಬೇಕು.

ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡ್‌ನಿಂದ ಕೆಲವು ದಿನ ಸಕ್ಕರೆ ಏರುತ್ತದೆ; ಮನೆಯಲ್ಲಿ ಪರೀಕ್ಷಿಸಿಕೊಳ್ಳಲು, ಔಷಧದ ಪ್ರಮಾಣ ಹೊಂದಿಸಲು ಮೊದಲೇ ಏರ್ಪಾಡು ಬೇಕು. ಕ್ಲೊಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಸ್ಟೆಂಟ್ ಹಾಕಿಸಿಕೊಂಡವರಿಗೆ ಮಾತ್ರೆ ನಿಲ್ಲಿಸುವುದೇ ಇಂಜೆಕ್ಷನ್‌ಗಿಂತ ದೊಡ್ಡ ಅಪಾಯವಾಗಬಹುದಾದ್ದರಿಂದ ಹೃದಯ ತಜ್ಞರ ಒಪ್ಪಿಗೆ ಕಡ್ಡಾಯ.

5. ಒಪ್ಪಿದ ಮೇಲೆ

ಜತೆಗೆ ಒಬ್ಬರನ್ನು ಕರೆದೊಯ್ಯಿರಿ. ಅಂದು ಗಾಡಿ ಓಡಿಸಬೇಡಿ. ಇಂಜೆಕ್ಷನ್ ಜತೆ ಕೊಟ್ಟ ಅರಿವಳಿಕೆ ಇಳಿದ ಮೇಲೆ ನೋವು ಮರಳಿ, ಸ್ಟೀರಾಯ್ಡ್‌ನ ಪರಿಣಾಮ ಕೆಲವು ದಿನಗಳ ನಂತರ ಕಾಣಿಸಬಹುದು. ಜ್ವರ, ತಡೆಯಲಾಗದ ತಲೆನೋವು, ಕೈಕಾಲಿನಲ್ಲಿ ಹೊಸ ನಿಶ್ಶಕ್ತಿ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ನೋವು ಇಳಿದ ವಾರಗಳಲ್ಲೇ ಫಿಸಿಯೋಥೆರಪಿಯನ್ನು ಮುಂದುವರಿಸಬೇಕು. ಮೊದಲೇ ಮೂರು ಇಂಜೆಕ್ಷನ್‌ಗಳ ಕೋರ್ಸ್ ಎಂದು ಹಣ ಕಟ್ಟಬೇಡಿ: ಮೊದಲನೆಯದು ಎಷ್ಟು ದಿನ, ಎಷ್ಟರ ಮಟ್ಟಿಗೆ ಕೆಲಸ ಮಾಡಿತೆಂದು ನೋಡಿದ ಮೇಲಷ್ಟೇ ಎರಡನೆಯದರ ಮಾತು. ಏನೂ ಫಲ ಸಿಗದಿದ್ದರೆ ಅದನ್ನೇ ಮತ್ತೆ ಕೊಡಿಸುವ ಬದಲು, ನೋವಿನ ಮೂಲ ಸರಿಯಾಗಿ ಗುರುತಾಗಿತ್ತೇ ಎಂದು ಮರುಪರಿಶೀಲಿಸುವಂತೆ ವೈದ್ಯರನ್ನು ಕೇಳಿ.