ವೈದ್ಯಕೀಯ ಸಂಶೋಧನೆಗೆ ಅನುದಾನ: ಪ್ರಸ್ತಾವನೆ ಬರೆಯುವ ಕ್ರಮ

ಅನುದಾನಕ್ಕಾಗಿ ಪ್ರಸ್ತಾವನೆ ಬರೆಯಲು ಕುಳಿತವರಲ್ಲಿ ಅನೇಕರು ಹಿನ್ನೆಲೆಯಿಂದ ಶುರುಮಾಡುತ್ತಾರೆ. ರೋಗದ ಸ್ವರೂಪ, ಅದರ ಹರಡುವಿಕೆ, ಈವರೆಗಿನ ಅಧ್ಯಯನಗಳು ಎಂದು ಪುಟಗಳು ತುಂಬುತ್ತಾ ಹೋಗಿ, ಕೊನೆಗೆ ತಾವು ಮಾಡಹೊರಟಿದ್ದೇನು ಎಂದು ಹೇಳುವುದಕ್ಕೆ ಜಾಗ ಸಾಲದಾಗುತ್ತದೆ. ಹಿನ್ನೆಲೆಯನ್ನು ಕೊನೆಗೆ ಬರೆದರೂ ನಡೆಯುತ್ತದೆ.

ಮೊದಲು ಮಾಡಬೇಕಾದದ್ದು ಅನುದಾನ ಸಂಸ್ಥೆಯ ಪ್ರಕಟಣೆಯನ್ನು ಪೂರ್ತಿ ಓದುವುದು. ಯಾರು ಅರ್ಹರು, ಯಾವ ಖರ್ಚಿಗೆ ಹಣ ದೊರೆಯದು, ಯಾವ ಮಾನದಂಡದ ಮೇಲೆ ಅಂಕ ಎಂಬುದು ಅದರಲ್ಲೇ ಇರುತ್ತದೆ. ಉದಾಹರಣೆಗೆ, ವೈದ್ಯಕೀಯ ಸಂಶೋಧನೆಗೆ ಹಣ ನೀಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2025ರ ಜನವರಿಯಿಂದ ಬಹುಪಾಲು ಸಂಶೋಧನಾ ಅರ್ಜಿಗಳಲ್ಲಿ ಮೂರು ಅಂಶಗಳನ್ನು ನೋಡುತ್ತಿದೆ. ಸಂಶೋಧನೆಯ ಮಹತ್ವಕ್ಕೂ, ವಿಧಾನದ ಬಿಗಿ ಹಾಗೂ ಕಾರ್ಯಸಾಧ್ಯತೆಗೂ 1ರಿಂದ 9ರವರೆಗೆ ಅಂಕಗಳಿದ್ದು, 1 ಎಂದರೆ ಅತ್ಯುತ್ತಮ. ತಂಡದ ಪರಿಣತಿ ಮತ್ತು ಸೌಲಭ್ಯಗಳಿಗೆ ಪ್ರತ್ಯೇಕ ಅಂಕವಿಲ್ಲ. ಅವು ಈ ಕೆಲಸಕ್ಕೆ ತಕ್ಕಂತಿವೆಯೇ, ಕೊರತೆ ಇದೆಯೇ ಎಂದಷ್ಟೇ ನೋಡುತ್ತಾರೆ. ಇದನ್ನು ಓದಿಕೊಂಡವರು ತಂಡದ ಗುಣಗಾನಕ್ಕೆ ಪುಟ ವ್ಯಯಿಸುವುದಿಲ್ಲ.

ಎರಡನೆಯ ಹಂತ ಉದ್ದೇಶಗಳ ಪುಟ. ಎನ್‌ಐಎಚ್‌ನ ಆರ್01 ಎಂಬ ಸಂಶೋಧನಾ ಅನುದಾನದ ಅರ್ಜಿಯಲ್ಲಿ ಸಂಶೋಧನಾ ಯೋಜನೆಗೆ 12 ಪುಟಗಳಿದ್ದರೆ ಇದಕ್ಕೆ ಒಂದೇ ಪುಟ. ಆದರೂ ತೂಕ ಇದರದ್ದೇ ಹೆಚ್ಚು, ಏಕೆಂದರೆ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಒಂದು ಅರ್ಜಿಯನ್ನು ಆಳವಾಗಿ ಓದುವ ಹೊಣೆ ಸಾಮಾನ್ಯವಾಗಿ ಕೆಲವೇ ಸದಸ್ಯರದು, ಉಳಿದವರಿಗೆ ಅರ್ಜಿಯ ಪರಿಚಯವಾಗುವುದು ಬಹುಮಟ್ಟಿಗೆ ಈ ಪುಟದಿಂದ. ಏನು ಗೊತ್ತಿದೆ, ಏನು ಗೊತ್ತಿಲ್ಲ, ಗೊತ್ತಿಲ್ಲದಿರುವುದರಿಂದ ರೋಗಿಗೆ ಆಗುತ್ತಿರುವ ನಷ್ಟವೇನು ಎಂಬುದನ್ನು ಕೆಲವೇ ವಾಕ್ಯಗಳಲ್ಲಿ ಹೇಳಿ, ಪರೀಕ್ಷಿಸಲು ಬರುವಂಥ ಒಂದು ಊಹೆಯನ್ನು ಮುಂದಿಟ್ಟು, ಎರಡು ಅಥವಾ ಮೂರು ಉದ್ದೇಶಗಳನ್ನು ಬರೆಯಬೇಕು. ಅವು ಒಂದನ್ನೊಂದು ನೆಚ್ಚಿಕೊಂಡಿರಬಾರದು. ರಕ್ತದಲ್ಲಿ ರೋಗಸೂಚಕವೊಂದನ್ನು ಕಂಡುಹಿಡಿಯುವುದು ಮೊದಲನೆಯದು, ಅದೇ ಸೂಚಕದಿಂದ ಚಿಕಿತ್ಸೆಯನ್ನು ನಿರ್ಧರಿಸುವುದು ಎರಡನೆಯದು ಎಂದಿದ್ದರೆ, ಸೂಚಕ ಸಿಗದೆಹೋದಾಗ ಇಡೀ ಯೋಜನೆಯೇ ನಿಂತುಹೋಗುತ್ತದೆ.

ಅರ್ಜಿಗಳು ಹೆಚ್ಚಾಗಿ ಪೆಟ್ಟು ತಿನ್ನುವುದು ವಿಧಾನದ ಭಾಗದಲ್ಲಿ, ಅದರಲ್ಲೂ ರೋಗಿಗಳ ಸಂಖ್ಯೆಯ ಲೆಕ್ಕದಲ್ಲಿ. ವಿಶ್ಲೇಷಣೆಗೆ 200 ಮಂದಿ ಬೇಕು, ಶೇ 20ರಷ್ಟು ಮಂದಿ ನಡುವೆ ಬಿಟ್ಟುಹೋಗಬಹುದು ಎಂದಿಟ್ಟುಕೊಳ್ಳೋಣ. ಆಗ ಸೇರಿಸಬೇಕಾದದ್ದು 240 ಅಲ್ಲ, 250. ಏಕೆಂದರೆ 240ರಲ್ಲಿ ಶೇ 20ರಷ್ಟು ಕಳೆದರೆ ಉಳಿಯುವುದು 192 ಮಾತ್ರ. ಇನ್ನು ಆಸ್ಪತ್ರೆಗೆ ತಿಂಗಳಿಗೆ 10 ಅರ್ಹ ರೋಗಿಗಳು ಬಂದು ಅವರಲ್ಲಿ ಅರ್ಧದಷ್ಟು ಜನ ಒಪ್ಪಿಗೆ ಕೊಟ್ಟರೆ, 250 ಮಂದಿಯನ್ನು ಸೇರಿಸಲು 50 ತಿಂಗಳು ಹಿಡಿಯುತ್ತದೆ. ಮೂರು ವರ್ಷದ ಯೋಜನೆಯಲ್ಲಿ ಇದು ಆಗದ ಮಾತೆಂದು ಅನುಭವಸ್ಥ ಪರಿಶೀಲಕರು ಥಟ್ಟನೆ ಗುರುತಿಸುತ್ತಾರೆ. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರನ್ನು ಬರವಣಿಗೆ ಮುಗಿದ ಮೇಲೆ ಸಹಿಗಾಗಿ ಕಾಣುವ ರೂಢಿ ಬಿಟ್ಟು, ಪ್ರಶ್ನೆ ರೂಪುಗೊಳ್ಳುವಾಗಲೇ ಜೊತೆಗೆ ಕೂರಿಸಿಕೊಳ್ಳಬೇಕು. ನಿರೀಕ್ಷಿಸಿದ ಫಲಿತಾಂಶ ಬಾರದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಇಲ್ಲಿಯೇ ಬರೆಯಬೇಕು.

ಬಜೆಟ್ಟಿನ ಬಗ್ಗೆ ಹೇಳಬೇಕಾದದ್ದು ಕಡಿಮೆ: ಪ್ರತಿ ಖರ್ಚಿಗೂ ವಿಧಾನದಲ್ಲಿ ಒಂದು ಕಾರಣ ಕಾಣಬೇಕು. ಮೊತ್ತವನ್ನು ಬೇಕೆಂದೇ ತಗ್ಗಿಸಿದರೆ ಕೆಲಸದ ಅಂದಾಜೇ ಇಲ್ಲವೆಂಬ ಅನುಮಾನ ಹುಟ್ಟುತ್ತದೆ.

ಸಲ್ಲಿಸುವ ಮುನ್ನ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಉದ್ದೇಶಗಳ ಪುಟವನ್ನು ಓದಲು ಕೊಟ್ಟು, ಪುಟ ಮುಚ್ಚಿಟ್ಟು, ನೀವು ಮಾಡಲಿರುವುದೇನೆಂದು ಅವರಿಂದಲೇ ಹೇಳಿಸಿ. ಅವರು ತಡವರಿಸಿದ ಜಾಗವನ್ನು ತಿದ್ದಿ ಬರೆಯಿರಿ.

ಅರ್ಜಿ ತಿರಸ್ಕೃತವಾದರೆ ಪರಿಶೀಲಕರ ಟಿಪ್ಪಣಿಗೆ ಅದೇ ದಿನ ಉತ್ತರ ಬರೆಯಲು ಕೂರುವುದು ಬೇಡ. ಎನ್‌ಐಎಚ್‌ನಲ್ಲಿ 37 ತಿಂಗಳೊಳಗೆ ಒಮ್ಮೆ ಮರುಸಲ್ಲಿಕೆಗೆ ಅವಕಾಶವಿದ್ದು, ಏನೇನು ಬದಲಾಯಿಸಿದ್ದೀರಿ ಎಂದು ವಿವರಿಸುವ ಪೀಠಿಕೆಯನ್ನೂ ಸೇರಿಸಬೇಕಾಗುತ್ತದೆ. ಒಪ್ಪಬೇಕಾದ ಆಕ್ಷೇಪಗಳನ್ನು ಅದರಲ್ಲಿ ನೇರವಾಗಿ ಒಪ್ಪಿ, ಒಪ್ಪಲಾಗದ್ದಕ್ಕೆ ದತ್ತಾಂಶದಿಂದ ಉತ್ತರಿಸಿ. ಪರಿಶೀಲಕರು ತಪ್ಪಾಗಿ ಅರ್ಥಮಾಡಿಕೊಂಡಿದ್ದಾರೆ ಎನಿಸಿದ ಕಡೆ ವಾದಕ್ಕಿಳಿಯದೆ ಆ ಭಾಗವನ್ನೇ ಹೊಸದಾಗಿ ಬರೆಯಿರಿ, ಏಕೆಂದರೆ ಮುಂದಿನ ಬಾರಿ ಅದನ್ನು ಓದುವವರು ಬೇರೆಯವರೇ ಆಗಿರಬಹುದು.