ಹಾಸನ-ಚಿಕ್ಕಮಗಳೂರು ಕಡೆ ಪ್ರಾಣಿ ನೋಡೋ ಹುಚ್ಚಿರೋ ಹುಡುಗ್ರಿಗೆ: ಯಾವುದಕ್ಕೆ ಕೂತ್ಕೋಬೇಕು, ಯಾವುದಕ್ಕೆ ಎದ್ದು ಮನೆಗೆ ಹೋಗ್ಬೇಕು

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಬೇಲೂರು ಕಡೆ ಹುಟ್ಟಿ ಬೆಳೆದ ಹುಡುಗ್ರು ಪ್ರಾಣಿ ನೋಡೋಕೆ ಎಲ್ಲಿಗೆ ಹೋಗ್ಬೇಕು ಅಂತ ಕೇಳಿದ್ರೆ ನಂಗೆ ನಗು ಬರುತ್ತೆ. ಹಿತ್ಲಲ್ಲೇ ಇರೋದನ್ನ ಬಿಟ್ಟು ಯೂಟ್ಯೂಬಲ್ಲಿ ಆಫ್ರಿಕಾ ಸಿಂಹ ನೋಡ್ತಾ ಕೂತಿರ್ತೀರಲ್ಲ. ನೋಡಿ, ಆದ್ರೆ ಅದರ ಜೊತೆ ಇದನ್ನೂ ಶುರು ಮಾಡಿ. ಕಲೀಬೇಕಾಗಿರೋದು ಎರಡೇ. ಒಂದು, ಪ್ರಾಣಿ ಬರೋ ಟೈಮಿಗೆ ಅಲ್ಲಾಡದೆ ಕೂರೋದು. ಎರಡನೇದು, ಯಾವ ಪ್ರಾಣಿಗೆ ಕೂರ್ಬೇಕು, ಯಾವ ಪ್ರಾಣಿ ವಾಸನೆ ಬಂದ ತಕ್ಷಣ ಎದ್ದು ಮನೆ ಸೇರ್ಕೋಬೇಕು ಅಂತ ತಿಳ್ಕೊಳ್ಳೋದು.

ಕ್ಯಾಮೆರಾ ಆಮೇಲೆ ತಗೊಳ್ಳಿ. ಮನೇಲಿ ದುಡ್ಡು ಕೊಡ್ತಾರೆ ಅಂದ್ರೆ ಮೊದ್ಲು ಬೈನಾಕ್ಯುಲರ್ ತಗೊಳ್ಳಿ, 8x42 ಅಂತ ಬರೆದಿರುತ್ತೆ, ಎಂಟು ಪಟ್ಟು ಹತ್ರ ಕಾಣುತ್ತೆ, ಕಾಡಿನ ಮಬ್ಬು ಬೆಳಕಲ್ಲೂ ಪರವಾಗಿಲ್ಲ, ಹನ್ನೆರಡು ಪಟ್ಟು ಇಪ್ಪತ್ತು ಪಟ್ಟಿಂದೆಲ್ಲ ಕೈಯಲ್ಲಿ ಹಿಡಿದ್ರೆ ಬರೀ ನಡುಗುತ್ತೆ. ಅದೂ ಇಲ್ಲ ಅಂದ್ರೆ ಬರಿಗಣ್ಣೇ ಸಾಕು. ಬಟ್ಟೆ ಮಾತ್ರ ಬಿಳಿ, ಕೆಂಪು, ಹೊಳೆಯೋ ಜರ್ಕಿನ್ ಬೇಡ, ಕಾಕಿಯೋ ಮಾಸಿದ ಹಸಿರೋ ಹಾಕ್ಕೊಳ್ಳಿ. ಸೆಂಟ್ ಹೊಡ್ಕೊಂಡು ಹೋಗ್ಬೇಡಿ, ನಾವು ಬರೋ ಸುದ್ದಿ ನಮಗಿಂತ ಮುಂಚೆ ಅದೇ ಹೋಗಿ ಮುಟ್ಟಿಸುತ್ತೆ.

ಶುರು ಮಾಡೋಕೆ ಅಡಿಕೆ ತೋಟಕ್ಕಿಂತ ಒಳ್ಳೆ ಜಾಗ ಇಲ್ಲ. ಹಾರುವ ಓತಿ ನೋಡಿದೀರಾ? ಬಹಳ ಜನ ಅದೇ ತೋಟದಲ್ಲಿ ವರ್ಷಗಟ್ಲೆ ಓಡಾಡಿದ್ರೂ ನೋಡಿರಲ್ಲ, ಯಾಕಂದ್ರೆ ಅದು ಮರದ ತೊಗಟೆ ಬಣ್ಣದಲ್ಲೇ ಇರುತ್ತೆ, ಅಲ್ಲಾಡ್ಲಿಲ್ಲ ಅಂದ್ರೆ ತೊಗಟೆ ಮೇಲಿನ ಗಂಟು ಅಂದ್ಕೊಂಡು ಮುಂದಕ್ಕೆ ಹೋಗ್ಬಿಡ್ತೀರ. ಕಾಡಲ್ಲಿ ಹುಡುಕೋದು ಕಷ್ಟ, ಅಡಿಕೆ ಮರ ಉದ್ದಕ್ಕೆ ನುಣ್ಣಗೆ ಇರೋದ್ರಿಂದ ಇಲ್ಲಿ ಸುಲಭ. ಮಳೆ ಇಲ್ಲದ ದಿನ, ಬೆಳಿಗ್ಗೆ ಬಿಸಿಲು ಮರದ ಮೇಲೆ ಚೆನ್ನಾಗಿ ಬಿದ್ದ ಮೇಲೆ ಹೋಗಿ. ಸೀದಾ ಮರದ ಮುಂದೆ ನಿಂತು ನೋಡ್ಬೇಡಿ, ಪಕ್ಕದಿಂದ ಮರದ ಅಂಚು ನೋಡ್ತಾ ಬನ್ನಿ, ಅಂಚಲ್ಲಿ ಏನೋ ಉಬ್ಬಿದ ಹಾಗೆ ಕಂಡ್ರೆ ಅಲ್ಲೇ ನಿಂತ್ಕೊಳ್ಳಿ. ಗಂಡಾದ್ರೆ ಗಂಟಲ ಕೆಳಗಿನ ಹಳದಿ ಚರ್ಮಾನ ಪಟ್ ಪಟ್ ಅಂತ ಬಿಚ್ಚಿ ಮುಚ್ಚಿ ಮಾಡುತ್ತೆ, ಅದು ಒಂದ್ಸಲ ಕಣ್ಣಿಗೆ ಬಿತ್ತು ಅಂದ್ರೆ ಮುಂದೆ ಎಲ್ಲಿದ್ರೂ ಕಾಣುತ್ತೆ. ಇರುವೆ ತಿಂತಾ ಮೇಲೆ ಮೇಲೆ ಹತ್ಕೊಂಡು ಹೋಗಿ, ಅಲ್ಲಿಂದ ಧುಮುಕಿ ಪಕ್ಕದ ಮರದ ಕೆಳಭಾಗಕ್ಕೆ ಬಂದು ಅಂಟ್ಕೊಳ್ಳುತ್ತೆ, ಮತ್ತೆ ಹತ್ತೋದು. ಅದು ರೆಕ್ಕೆ ಅಲ್ಲ ಮತ್ತೆ, ಉದ್ದ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿರೋ ಚರ್ಮ, ಬಡಿಯೋಕೆ ಬರಲ್ಲ, ತೇಲೋಕೆ ಮಾತ್ರ. ಒಂದು ಓತಿ ಸಿಕ್ತು ಅಂದ್ರೆ ಬೇರೇದು ಹುಡುಕ್ಕೊಂಡು ಹೋಗ್ಬೇಡಿ, ಅದನ್ನೇ ಅರ್ಧ ಗಂಟೆ ನೋಡಿ, ಯಾವ ಮರದಿಂದ ಯಾವ ಮರಕ್ಕೆ ಹೋಯ್ತು ಬರ್ಕೊಳ್ಳಿ. ಹೆಣ್ಣು ಮೊಟ್ಟೆ ಇಡೋಕೆ ನೆಲಕ್ಕೆ ಇಳಿಯುತ್ತೆ, ಅದನ್ನ ನೋಡೋಕೆ ಸಿಕ್ಕಿದ್ರೆ ನಿಮ್ಮ ಅದೃಷ್ಟ. ಹಿಡಿದು ಡಬ್ಬಿಗೆ ಹಾಕಿ ಸ್ಕೂಲಿಗೆ ತಗೊಂಡ್ ಹೋಗೋ ಪ್ಲಾನ್ ಇದ್ರೆ ಇಲ್ಲೇ ಬಿಟ್ಬಿಡಿ.

ಕಾಫಿ ತೋಟದಲ್ಲಿ ಪ್ರಾಣಿಗಿಂತ ಮೊದ್ಲು ಗುರುತು ಹುಡುಕೋದು ಕಲೀಬೇಕು. ಬಂಡೆ ಮೇಲೋ, ಬಿದ್ದ ಮರದ ಮೇಲೋ ಬರೀ ಕಾಫಿ ಬೀಜ ಅಂಟ್ಕೊಂಡಿರೋ ಹಿಕ್ಕೆ ಕಂಡ್ರೆ ಅದು ಕಬ್ಬೆಕ್ಕಿಂದು, ಪುನುಗು ಬೆಕ್ಕಿನ ಜಾತಿ, ಹಣ್ಣು ತಿಂದು ಬೀಜ ಹಂಗೇ ಹಾಕುತ್ತೆ. ಕಪ್ಪು ಬಿಳಿ ಪಟ್ಟೆ ಮುಳ್ಳು ಸಿಕ್ಕಿದ್ರೆ ಮುಳ್ಳುಹಂದಿ. ನೆಲ ಉತ್ತ ಹಾಗೆ ಆಗಿದ್ರೆ ಕಾಡುಹಂದಿ, ಅದು ರಾತ್ರಿ ಬಂದು ಹೋಗಿರುತ್ತೆ. ತೋಟದ ರೈಟರ್ ಹತ್ರ, ಮೇಸ್ತ್ರಿ ಹತ್ರ, ಲೈನ್ ಮನೆ ಅಜ್ಜಿ ಹತ್ರ ಮಾತಾಡಿ, ಯಾವ ಬ್ಲಾಕಲ್ಲಿ ಏನು ಓಡಾಡ್ತಿದೆ ಅಂತ ಅವ್ರಿಗೆ ಗೊತ್ತಿರೋಷ್ಟು ಯಾವ ಪುಸ್ತಕಕ್ಕೂ ಗೊತ್ತಿರಲ್ಲ. ಕೆಂದಳಿಲು ನೋಡ್ಬೇಕು ಅಂದ್ರೆ ನೆರಳಿನ ದೊಡ್ಡ ಮರಗಳ ಮೇಲೆ ಕಣ್ಣಿಡಿ, ಎರಡು ಕೊಂಬೆ ಸೇರೋ ಕಡೆ ಎಲೆ ಕಡ್ಡಿಯ ದೊಡ್ಡ ಉಂಡೆ ಥರ ಗೂಡಿರುತ್ತೆ, ಒಂದೇ ಅಳಿಲು ಒಂದಕ್ಕಿಂತ ಜಾಸ್ತಿ ಗೂಡು ಕಟ್ಕೊಂಡಿರುತ್ತೆ, ಅದಕ್ಕೆ ಒಂದು ಖಾಲಿ ಇದೆ ಅಂತ ವಾಪಸ್ ಬರ್ಬೇಡಿ.

ಮಳೆಗಾಲ ಅಂದ್ರೆ ಕಪ್ಪೆ. ಜೂನಲ್ಲಿ ಮಳೆ ಹಿಡ್ಕೊಂಡ ಮೇಲೆ ರಾತ್ರಿ ಎಸ್ಟೇಟ್ ಕೆರೆ ಹತ್ರ ಹೋದ್ರೆ ಮಾತಾಡಿದ್ದು ಕೇಳಲ್ಲ, ಅಷ್ಟು ಗಲಾಟೆ. ನೀರಿನ ಮೇಲೆ ಚಾಚಿರೋ ಕೊಂಬೇಲಿ ಬಿಳಿ ನೊರೆ ಮುದ್ದೆ ಕಂಡ್ರೆ ಮುಟ್ಬೇಡಿ, ಹಾರುವ ಕಪ್ಪೆ ಮೊಟ್ಟೆ ಇಟ್ಟಿರೋದು, ಮರಿ ಆದ್ಮೇಲೆ ಗೊದಮೊಟ್ಟೆ ಸೀದಾ ನೀರಿಗೆ ಬೀಳ್ಲಿ ಅಂತ ಅಲ್ಲಿ ಕಟ್ಟಿರುತ್ತೆ. ಕಪ್ಪೆ ಮುಟ್ಟೋದೇ ಬೇಡ, ಕೈಯಲ್ಲಿರೋ ಸೊಳ್ಳೆ ಕ್ರೀಮು ಅದರ ಚರ್ಮಕ್ಕೆ ವಿಷ. ದೊಡ್ಡೋರು ಜೊತೆಗಿರ್ಲಿ, ಗಮ್‌ಬೂಟ್ ಹಾಕ್ಕೊಳ್ಳಿ, ಕಪ್ಪೆ ಇರೋ ಕಡೆ ಹಾವೂ ಊಟಕ್ಕೆ ಬಂದಿರುತ್ತೆ. ಆನೆ ಸುದ್ದಿ ಇರೋ ದಿನ ಕೆರೆ ಕಡೆ ತಲೆ ಹಾಕ್ಬೇಡಿ. ಇಂಬಳಕ್ಕೆ ಹೆದರೋರು ಬರ್ಲೇಬೇಡಿ, ಸುಣ್ಣ, ಹೊಗೆಸೊಪ್ಪು ಏನೇ ಹಚ್ಚಿದ್ರೂ ಒಂದೆರಡು ಹತ್ತೇ ಹತ್ತುತ್ತೆ, ಪ್ರಾಣ ಏನೂ ಹೋಗಲ್ಲ.

ಇಂಬಳಕ್ಕಿಂತ ಹೆದರ್ಬೇಕಾಗಿರೋದು ಉಣುಗಿಗೆ. ಮಂಗನ ಕಾಯಿಲೆ ಗೊತ್ತಲ್ಲ, ಈ ಉಣುಗು ಕಚ್ಚಿಯೇ ಬರೋದು, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದ್ಲು ಗುರುತಿಸಿದ್ದು, ಈಗ ನಮ್ಮ ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆನೂ ಕಾಣಿಸ್ಕೊಳ್ಳುತ್ತೆ. ಡಿಸೆಂಬರಿಂದ ಮೇ ತನಕ ಒಣ ತರಗೆಲೆ ಮೇಲೆ ಕೂರೋದು ಬೇಡ, ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನ ಸಾಕ್ಸ್ ಒಳಗೆ ಸಿಕ್ಕಿಸ್ಕೊಳ್ಳಿ, ಆಶಾ ಕಾರ್ಯಕರ್ತೆಯರು ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ಕೊಟ್ರೆ ಹಚ್ಕೊಳ್ಳಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಆರೋಗ್ಯ ಇಲಾಖೆಯವ್ರಿಗೆ ಹೇಳಿ. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ ಬಂದ್ರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಬಾಯ್ಬಿಟ್ಟು ಹೇಳಿ, ಅಪ್ಪ ಬೈತಾರೆ ಅಂತ ಮುಚ್ಚಿಡ್ಬೇಡಿ.

ಈಗ ಆನೆ. ಇದೊಂದು ವಿಷ್ಯದಲ್ಲಿ ನಾನು ಕಟ್ಟುನಿಟ್ಟು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ನೋಡೋಕೆ ಅಂತ ಯಾರೂ ಹೋಗ್ಬಾರ್ದು, ಅಷ್ಟೇ. ಕಾಫಿ ಗಿಡ ಆಳೆತ್ತರ ಇರುತ್ತೆ, ಅದರ ಹಿಂದೆ ಆನೆ ನಿಂತಿದ್ರೆ ಹತ್ತು ಹೆಜ್ಜೆ ದೂರದಿಂದಲೂ ಗೊತ್ತಾಗಲ್ಲ, ಅಷ್ಟು ದೊಡ್ಡ ಜೀವ ಸದ್ದೇ ಇಲ್ದೆ ನಡೆಯುತ್ತೆ. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ, ಅಷ್ಟು ಅನುಭವ ಇದ್ದ ಆನೆ, 2023ರ ಡಿಸೆಂಬರ್ 4ಕ್ಕೆ ಸಕಲೇಶಪುರ ತಾಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೇಲಿ ಒಂದು ಕಾಡಾನೆ ಜೊತೆ ಕಾದಾಡಿ ಸತ್ತೋಯ್ತು. ನೀವು ಮೊಬೈಲ್ ಹಿಡ್ಕೊಂಡು ಏನ್ ಮಾಡ್ತೀರ? ಊರಿನ ವಾಟ್ಸಾಪ್ ಗ್ರೂಪಲ್ಲಿ ಅರಣ್ಯ ಇಲಾಖೆ ಮೆಸೇಜ್ ಬಂದಿದ್ಯಾ ನೋಡ್ಕೊಂಡೇ ಮನೆ ಬಿಡಿ. ಆನೆ ಓಡಾಡೋ ಕಡೆ ಕತ್ತಲಾದ ಮೇಲೆ, ಬೆಳಕು ಹರಿಯೋ ಮುಂಚೆ ತೋಟದ ದಾರೀಲಿ ನಡ್ಕೊಂಡು ಹೋಗೋದು ಬೇಡ. ಹಲಸಿನ ಹಣ್ಣಿನ ಕಾಲ, ಭತ್ತ ತೆನೆ ಬಂದು ಕೊಯ್ಲಾಗೋ ಕಾಲ ಎರಡರಲ್ಲೂ ಜಾಸ್ತಿ ಹುಷಾರು. ಬೈನೆ ಮರ ಸೀಳಿ ಬಿದ್ದಿದ್ರೆ, ಲದ್ದಿ ಇನ್ನೂ ಹಸಿಯಾಗಿ ಬಿಸಿ ಇದ್ರೆ, ಕೊಂಬೆ ಮುರಿಯೋ ಸದ್ದು ಕೇಳಿದ್ರೆ ಬಂದ ದಾರೀಲೇ ಮಾತಿಲ್ದೆ ವಾಪಸ್. ಗಾಡೀಲಿದ್ದಾಗ ಅಡ್ಡ ಬಂದ್ರೆ ಹಾರನ್ ಹೊಡೀಬೇಡಿ, ದೂರದಲ್ಲೇ ನಿಲ್ಸಿ, ಹಿಂದಕ್ಕೆ ಹೋಗೋಕೆ ಜಾಗ ಇಟ್ಕೊಳ್ಳಿ. ಕಿವಿ ಆಡಿಸ್ತಾ ಮೇಯ್ತಿದ್ರೆ ಆರಾಮಾಗಿದೆ ಅಂತ, ಕಿವಿ ಅಗಲಿಸಿ ಅಲ್ಲಾಡದೆ ನಿಂತು ನಿಮ್ಮನ್ನೇ ನೋಡ್ತಿದ್ರೆ ಅದು ಲೆಕ್ಕ ಹಾಕ್ತಿದೆ ಅಂತ ಅರ್ಥ.

ಅರಸೀಕೆರೆ ಕಡೆ ಗುಡ್ಡದ ಊರಿನವ್ರಿಗೆ ಕರಡಿ ಕಾಟ, ಅಲ್ಲಿ ನಿಯಮ ಉಲ್ಟಾ. ಸದ್ದು ಮಾಡ್ಕೊಂಡು, ಮಾತಾಡ್ಕೊಂಡು ನಡೀರಿ. ಕರಡಿ ಗಾಬರಿ ಬಿದ್ರೇನೇ ಮೈಮೇಲೆ ಬೀಳೋದು.

ಹಾವಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ದೂರದಿಂದ ನೋಡಿ, ಫೋಟೋ ತೆಗೀರಿ, ಬಾಲ ಹಿಡಿಯೋ ರೀಲ್ಸ್ ನೋಡಿ ಕಲಿತೋರನ್ನ ಹತ್ರಕ್ಕೂ ಸೇರಿಸ್ಬೇಡಿ. ನಮ್ಮ ಕಾಳಿಂಗ ಸರ್ಪ ಪಶ್ಚಿಮ ಘಟ್ಟದ್ದೇ ಬೇರೆ ಪ್ರಭೇದ ಅಂತ 2024ರಲ್ಲಿ ವಿಜ್ಞಾನಿಗಳು ತೀರ್ಮಾನ ಮಾಡಿದ್ರು, ಅಂದ್ರೆ ನಿಮ್ಮ ತೋಟದಲ್ಲಿ ಹರಿದಾಡೋ ಹಾವು ಈ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ, ಹೊಡಿಯೋಕೆ ಹೋಗ್ಬೇಡಿ, 1926ಕ್ಕೆ ಫೋನ್ ಮಾಡಿ, ಅರಣ್ಯ ಇಲಾಖೆ ಸಹಾಯವಾಣಿ. ತೋಟದಲ್ಲಿ ಕೈ ಹಾಕೋ ಮುಂಚೆ ಗಿಡದ ಬುಡ ನೋಡೋ ಅಭ್ಯಾಸ ಮಾಡ್ಕೊಳ್ಳಿ, ತರಗೆಲೆ ಬಣ್ಣದ ಚಿಕ್ಕ ಮಂಡಲದ ಹಾವುಗಳು ಅಲ್ಲೇ ಸುತ್ತಿ ಕೂತಿರ್ತವೆ. ನಮ್ಮಲ್ಲಿ ಸಿಗೋ ಆಂಟಿವೆನಮ್ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿರೋದು, ಎಲ್ಲಾ ಹಾವಿಗೂ ಅಲ್ಲ. ಕಚ್ಚಿದ್ರೆ ಕುಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ, ಕಚ್ಚಿದ ಕೈ ಕಾಲು ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ, ನಾಟಿ ವೈದ್ಯರ ಮನೆಗೆ ಅಲ್ಲ.

ದೊಡ್ಡ ಪ್ರಾಣಿ ನೋಡೋ ಆಸೆಗೆ ಭದ್ರಾ ಇದೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು, ಚಿಕ್ಕಮಗಳೂರು ಕಡೆಯಿಂದ ಮುತ್ತೋಡಿ, ತರೀಕೆರೆ ಕಡೆಯಿಂದ ಲಕ್ಕವಳ್ಳಿ. ಸಫಾರಿ ಜೀಪಲ್ಲಿ ಎಲ್ರೂ ಹುಲಿ ಹುಲಿ ಅಂತ ರಸ್ತೆ ನೋಡ್ತಿರ್ತಾರೆ, ನೀವು ಕಿವಿ ಕೊಡಿ, ಹುಲಿ ಕಂಡ್ರೆ ಬೇರೆ ಪ್ರಾಣಿಗಳು ಕೂಗಿ ಎಚ್ಚರಿಸ್ತವೆ. ಮುಸುವ ಮರದ ಮೇಲಿಂದ ಖಕ್ ಖಕ್ ಅಂತ ಕೂಗೋದು, ಜಿಂಕೆ ಚೂಪಾಗಿ ಕೂಗೋದು, ಕಾಡುಕುರಿ ಬೊಗಳೋದು, ಕಡವೆ ಜೋರಾಗಿ ಒಂದೊಂದೇ ಸಲ ಕೂಗೋದು. ಒಂದೇ ಒಂದು ಕೂಗಿಗೆ ಜೀಪ್ ತಿರುಗಿಸೋದು ಬೇಡ, ಜಿಂಕೆ ಸುಮ್ಸುಮ್ನೆನೂ ಕೂಗುತ್ತೆ. ಮೇಲಿಂದ ಮುಸುವ, ಕೆಳಗಿಂದ ಕಡವೆ, ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿ ಬಿಡದೆ ಕೂಗ್ತಿದ್ರೆ ಡ್ರೈವರ್ ಅಣ್ಣನಿಗೆ ಮೆಲ್ಲಗೆ ಹೇಳಿ ಇಂಜಿನ್ ಆಫ್ ಮಾಡಿಸಿ ಕಾಯಿರಿ. ಹುಲಿ ಬರ್ಲಿಲ್ಲ ಅಂದ್ರೂ ಕಾಟಿ ಅಂದ್ರೆ ಕಾಡೆಮ್ಮೆ ಹಿಂಡು, ಸೀಳುನಾಯಿ ಸಿಗಬಹುದು. ಬೇಸಿಗೇಲಿ ಲಕ್ಕವಳ್ಳಿ ಬೋಟ್ ಸಫಾರಿ ಬಿಡ್ಬೇಡಿ, ಹಿನ್ನೀರು ಇಳಿದು ನಡುಗಡ್ಡೆ ತೆರ್ಕೊಂಡಾಗ ರಿವರ್ ಟರ್ನ್ ಅಂತ ಹಳದಿ ಕೊಕ್ಕಿನ ರೀವ ಹಕ್ಕಿಗಳು ಸಾವಿರಗಟ್ಲೆ ಬಂದು ನೆಲದ ಮೇಲೇ ಮೊಟ್ಟೆ ಇಡ್ತವೆ, ಗಂಡು ಮೀನು ತಂದು ಹೆಣ್ಣಿಗೆ ಕೊಡೋದು ಬರಿಗಣ್ಣಿಗೇ ಕಾಣುತ್ತೆ. ನನ್ನ ಕೇಳಿದ್ರೆ ಹುಲಿಗಿಂತ ಇದೇ ಚೆಂದ, ಯಾರೂ ಒಪ್ಪಲ್ಲ ಬಿಡಿ. ಅನುಮತಿ ಇಲ್ದೆ ಅಭಯಾರಣ್ಯದ ಒಳಗೆ ಹೋಗೋದು, ಡ್ರೋನ್ ಹಾರಿಸೋದು ಅಪರಾಧ.

ನೋಡಿದ್ದನ್ನೆಲ್ಲ ಬರೀರಿ, ದಿನ, ಟೈಮು, ಜಾಗ, ಹವೆ, ಏನ್ ಮಾಡ್ತಿತ್ತು. ಹಕ್ಕಿಗೆ ಇ-ಬರ್ಡ್, ಕೂಗು ಗುರುತಿಸೋಕೆ ಮರ್ಲಿನ್, ಬಾಕಿ ಎಲ್ಲಾದಕ್ಕೂ ಐ-ನ್ಯಾಚುರಲಿಸ್ಟ್ ಆ್ಯಪ್ ಇದೆ, ಚಿಕ್ಕ ಮಕ್ಕಳಿಗೆ ಸೀಕ್ ಅಂತ ಒಂದಿದೆ, ಅದಕ್ಕೆ ಅಕೌಂಟೂ ಬೇಡ. ಇನ್‌ಸ್ಟಾದಲ್ಲಿ ಮಾತ್ರ ಗೂಡಿನ ಫೋಟೋ ಜೊತೆ ಲೊಕೇಶನ್ ಹಾಕ್ಬೇಡಿ, ಮಾರನೇ ದಿನ ಅಲ್ಲಿ ಹತ್ತು ಕಾರ್ ನಿಂತಿರುತ್ತೆ.

ಮರಿ ಸಿಕ್ಕಿದ್ರೆ? ಕಬ್ಬಿನ ಗದ್ದೇಲಿ ಬೆಕ್ಕಿನ ಮರಿ ಅಂತ ಎತ್ಕೊಂಡು ಬಂದಿದ್ದು ಚಿರತೆ ಮರಿ ಆಗಿರೋದುಂಟು. ಎತ್ತಬೇಡಿ, ತಾಯಿ ಹತ್ರದಲ್ಲೇ ಇರುತ್ತೆ, ದೂರ ಬಂದು 1926ಕ್ಕೆ ಹೇಳಿ. ಗಿಳಿ, ನಕ್ಷತ್ರ ಆಮೆ ಸಾಕೋದೂ ಕಾನೂನು ಪ್ರಕಾರ ತಪ್ಪು, ಪಂಜರದ ಗಿಳಿ ಎಲ್ಲರ ಮನೇಲೂ ಇದೆ ಅನ್ನೋದು ನೆಪ ಅಲ್ಲ, 2023ರಲ್ಲಿ ಹುಲಿ ಉಗುರಿನ ಸರ ಹಾಕ್ಕೊಂಡೋರ ಮೇಲೆ ಕೇಸ್ ಆಗಿ ಗಲಾಟೆ ಆದಾಗ ಎಷ್ಟು ಜನ ಕುತ್ತಿಗೇಲಿದ್ದ ಸರ ಬಿಚ್ಚಿಟ್ರು ನೆನಪಿರಬೇಕು.

ಫಾರಿನ್ ಪ್ರಾಣಿ ಆಸೆ ಇರೋರಿಗೆ ಒಂದು ಮಾತು. ಇಗುವಾನ ಅನ್ನೋ ದೊಡ್ಡ ಓತಿ, ಬಾಲ್ ಪೈಥಾನ್ ಅನ್ನೋ ಹೆಬ್ಬಾವು ಥರದವನ್ನ ಯಾರೋ ಮಾರ್ತಾರೆ ಅಂತ ತಗೊಳ್ಬೇಡಿ, ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದ್ಮೇಲೆ ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿ ಮನೇಲಿದ್ರೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಲ್ಲಿ ನೋಂದಣಿ ಮಾಡಿಸ್ಬೇಕು. ಇನ್ನೊಂದು, ಸಾಕಿ ಬೇಜಾರಾಗಿ ಕೆರೆಗೆ ಬಿಡೋದು. ಕೆಂಪು ಕಿವಿಯ ಪುಟಾಣಿ ಆಮೆ ಮೀನಿನಂಗಡೀಲಿ ನಾಣ್ಯದಷ್ಟಿರುತ್ತೆ, ಆಮೇಲೆ ಊಟದ ತಟ್ಟೆ ಅಗಲಕ್ಕೆ ಬೆಳೆದು ಟಬ್ಬಲ್ಲಿ ಹಿಡಿಯಲ್ಲ, ಕೆರೆಗೆ ಬಿಟ್ರೆ ನಮ್ಮ ಆಮೆಗಳ ಊಟ ಜಾಗ ಎರಡನ್ನೂ ಕಿತ್ಕೊಳ್ಳುತ್ತೆ. ಆಫ್ರಿಕನ್ ಬಸವನಹುಳನ್ನ 1847ರಲ್ಲಿ ಒಬ್ಬ ಮನುಷ್ಯ ಕಲ್ಕತ್ತಾಕ್ಕೆ ತಂದು ಬಿಟ್ಟಿದ್ದು, ಈಗ ಕಾಫಿ ತೋಟದ ತನಕ ಬಂದಿದೆ, ಅಂಗೈಗಿಂತ ಉದ್ದ ಬೆಳೆಯುತ್ತೆ. ಕಂಡ್ರೆ ಬರಿಗೈಯಲ್ಲಿ ಮುಟ್ಬೇಡಿ, ಮೆದುಳಿಗೆ ತೊಂದ್ರೆ ಮಾಡೋ ಹುಳ ಅದರಲ್ಲಿರಬಹುದು, ಫೋಟೋ ತೆಗೆದು ತೋಟದವ್ರಿಗೆ ತೋರ್ಸಿ.

ನಿಜವಾಗ್ಲೂ ಜಿರಾಫೆ, ಗೊರಿಲ್ಲಾ, ಅನಕೊಂಡ ನೋಡ್ಬೇಕು ಅಂದ್ರೆ ಮೈಸೂರು ಝೂ ಇದೆ, 1892ರಿಂದ ಇದೆ, ಹಾಸನದಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು. ಅಲ್ಲಿ ಹುಡುಗ್ರಿಗೆ ಯೂತ್ ಕ್ಲಬ್ ನಡೆಸ್ತಾರೆ, ಪ್ರಾಣಿ ನೋಡ್ಕೊಳ್ಳೋರ ಜೊತೆನೇ ಕಲಿಯೋಕೆ ಸಿಗುತ್ತೆ, ಅರ್ಜಿ ಯಾವಾಗ ಅಂತ ವಿಚಾರಿಸ್ತಾ ಇರಿ. ಎಲ್ಲಾ ಪಂಜರ ಮುಗಿಸೋ ಆತುರ ಬೇಡ, ಮೂರ್ನಾಲ್ಕು ಪ್ರಾಣಿ ಆರಿಸ್ಕೊಂಡು ಅವುಗಳ ಮುಂದೆನೇ ನಿಂತ್ಕೊಳ್ಳಿ. ಮಂಗಳವಾರ ರಜೆ, ಅವತ್ತು ಹೋಗಿ ಗೇಟ್ ನೋಡ್ಕೊಂಡು ಬರ್ಬೇಡಿ.