ಗೋಡೆಯ ಸ್ವಿಚ್ಚನ್ನು ಉಳಿಸಿಕೊಂಡೇ ಮನೆಯನ್ನು ಸ್ಮಾರ್ಟ್ ಮಾಡಿದ ಬಗೆ

ಮನೆಯ ದೀಪ, ಫ್ಯಾನು, ಗೀಸರುಗಳನ್ನು ಸ್ವಯಂಚಾಲಿತಗೊಳಿಸಲು ಹೊರಟಾಗ ನಾನು ಮೊದಲೇ ಒಂದು ನಿಯಮ ಹಾಕಿಕೊಂಡಿದ್ದೆ: ಮನೆಯವರು ಯಾರೂ ಹೊಸದಾಗಿ ಏನನ್ನೂ ಕಲಿಯಬೇಕಾಗಿ ಬರಬಾರದು. ವಯಸ್ಸಾದ ಅಮ್ಮ ಎಂದಿನಂತೆ ಸ್ವಿಚ್ ಒತ್ತಿದರೆ ದೀಪ ಹೊತ್ತಬೇಕು. ಇಂಟರ್ನೆಟ್ ಇಲ್ಲದಿದ್ದರೂ ಹೊತ್ತಬೇಕು. ಆದ್ದರಿಂದ ಸ್ಮಾರ್ಟ್ ಬಲ್ಬುಗಳ ಗೋಜಿಗೆ ಹೋಗದೆ, ಸ್ವಿಚ್ ಬೋರ್ಡಿನ ಒಳಗೆ ಕೂರುವ ಸಣ್ಣ ರಿಲೇಗಳನ್ನು, ಅಂದರೆ ಸಂಕೇತ ಬಂದಾಗ ತಾವೇ ಆನ್-ಆಫ್ ಆಗುವ ಸ್ವಿಚ್ಚುಗಳನ್ನು, ಹಾಕಿಸಿದೆ. ಸ್ಮಾರ್ಟ್ ಬಲ್ಬಿಗೆ ಸದಾ ವಿದ್ಯುತ್ ಹರಿಯುತ್ತಲೇ ಇರಬೇಕು. ಯಾರಾದರೂ ಗೋಡೆಯ ಸ್ವಿಚ್ಚನ್ನು ಆಫ್ ಮಾಡಿದರೆ ಅದಕ್ಕೆ ಯಾವ ಆದೇಶವೂ ತಲುಪುವುದಿಲ್ಲ. ರಿಲೇಯಾದರೆ ಹಳೆಯ ಸ್ವಿಚ್ಚಿನ ಮಾತನ್ನೂ ಕೇಳುತ್ತದೆ, ಸೆನ್ಸರಿನ ಮಾತನ್ನೂ ಕೇಳುತ್ತದೆ. ಹೆಚ್ಚಿನ ರಿಲೇಗಳಿಗೆ ನ್ಯೂಟ್ರಲ್ ವೈರ್ (ವಿದ್ಯುತ್ ಮರಳಿ ಹೋಗುವ ತಂತಿ) ಬೇಕಾಗುತ್ತದೆ, ಹಳೆಯ ಮನೆಗಳ ಬೋರ್ಡುಗಳಲ್ಲಿ ಅದು ಎಷ್ಟೋ ವೇಳೆ ಇರುವುದಿಲ್ಲ. ಏನನ್ನಾದರೂ ಕೊಳ್ಳುವ ಮುನ್ನ ಎಲೆಕ್ಟ್ರಿಷಿಯನ್ನರಿಂದ ಬೋರ್ಡು ಬಿಚ್ಚಿಸಿ ನೋಡಿಸುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಅಮ್ಮನ ಕೋಣೆಯಿಂದ ಬಚ್ಚಲುಮನೆಯವರೆಗಿನ ದಾರಿಗೆ ಮಾಡಿದ ವ್ಯವಸ್ಥೆ. ರಾತ್ರಿ ಎದ್ದವರು ಕತ್ತಲೆಯಲ್ಲಿ ಗೋಡೆ ತಡವುತ್ತ ನಡೆಯುವುದೇ ಅಪಾಯ. ಹಾಗೆಂದು ಚಾವಣಿಯ ದೀಪ ಒಮ್ಮೆಲೇ ಹೊತ್ತಿದರೆ ಕಣ್ಣು ಕೋರೈಸಿ ಇದ್ದ ನಿದ್ದೆಯೂ ಹಾರಿಹೋಗುತ್ತದೆ. ಅದಕ್ಕಾಗಿ ಗೋಡೆಯ ಬುಡದಲ್ಲಿ, ನೆಲಕ್ಕೆ ಮಾತ್ರ ಬೆಳಕು ಬೀಳುವಂತೆ, ಮಂದವಾದ ಹಳದಿ ಎಲ್‌ಇಡಿ ಪಟ್ಟಿ ಅಂಟಿಸಿದೆ. ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರನ್ನು ಎಲ್ಲಿ ಕೂರಿಸುತ್ತೇವೆ ಎಂಬುದು ಇಲ್ಲಿ ಬಹಳ ಮುಖ್ಯ. ದೇಹದ ಶಾಖವು ಅದರ ನೋಟದ ಒಂದು ವಲಯದಿಂದ ಇನ್ನೊಂದಕ್ಕೆ ದಾಟುವುದನ್ನು ಅದು ಗ್ರಹಿಸುತ್ತದೆಯಾದ್ದರಿಂದ, ನೇರವಾಗಿ ಎದುರಿಗೆ ಬರುವವರಿಗಿಂತ ಅಡ್ಡಹಾಯುವವರು ಬೇಗ ಕಾಣಿಸುತ್ತಾರೆ. ಸೆನ್ಸರನ್ನು ಪಕ್ಕದ ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಕೂರಿಸಿದ್ದರಿಂದ, ಅಮ್ಮ ಹೊಸ್ತಿಲು ದಾಟುತ್ತಿದ್ದಂತೆಯೇ ನೆಲದ ಮೇಲೆ ಬೆಳಕು ಹರಡುತ್ತದೆ. ಬಚ್ಚಲುಮನೆಯ ಒಳಗೆ ಮಾತ್ರ ಪಿಐಆರ್ ಸಾಲದು: ಅಲುಗದೆ ಕುಳಿತವರನ್ನು ಅದು ಕಾಣದೆ ದೀಪ ಆರಿಸಿಬಿಡುತ್ತದೆ. ಅಲ್ಲಿ ರೇಡಾರ್ ತತ್ವದ ಎಂಎಂವೇವ್ ಸೆನ್ಸರ್ ಹಾಕಿದ್ದೇನೆ. ಉಸಿರಾಟದಿಂದಾಗುವ ಎದೆಯ ಅಲ್ಪ ಚಲನೆಯನ್ನೂ ಅದು ಗುರುತಿಸಬಲ್ಲದು. ಮಲಗುವ ಕೋಣೆ, ಬಚ್ಚಲುಮನೆಗಳಲ್ಲಿ ಕ್ಯಾಮೆರಾ ಇಡುವುದನ್ನು ನಾನು ಒಪ್ಪುವುದಿಲ್ಲ. ನೆರವು ಬೇಕಾದವರಿಗೆ ಮರ್ಯಾದೆಯೂ ಬೇಕು, ಸೆನ್ಸರುಗಳು ಎರಡನ್ನೂ ಕಾಯುತ್ತವೆ.

ಗೀಸರಿನ ವಿಷಯ ಸರಳ. ಬೆಳಿಗ್ಗೆ ನಿಗದಿತ ಹೊತ್ತಿಗೆ ಹೊತ್ತಿಕೊಂಡು, ಸ್ನಾನದ ಸಮಯ ಮುಗಿದೊಡನೆ ತಾನೇ ಆಫ್ ಆಗುವುದರಿಂದ, ದಿನವಿಡೀ ನೀರು ತಣಿಯುವುದು, ಮತ್ತೆ ಕಾಯುವುದು ತಪ್ಪಿದೆ. ಆದರೆ 3 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ ಅದನ್ನು ಎಂದಿಗೂ ಜೋಡಿಸಬಾರದು.

ಇವೆಲ್ಲವನ್ನೂ ನಡೆಸುವುದು ಮನೆಯಲ್ಲೇ ಇರುವ ಪುಟ್ಟ ಕಂಪ್ಯೂಟರಿನಲ್ಲಿರುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ. ಸೆನ್ಸರಿನ ಸಂದೇಶ ದೂರದ ಸರ್ವರಿಗೆ ಹೋಗಿ ಬರಬೇಕಾಗಿಲ್ಲದ ಕಾರಣ ದೀಪ ತಡವಿಲ್ಲದೆ ಹೊತ್ತುತ್ತದೆ, ಯಾರು ಯಾವಾಗ ಎದ್ದರೆಂಬ ವಿವರವೂ ಮನೆಯಾಚೆ ಹೋಗುವುದಿಲ್ಲ. ಸೆನ್ಸರುಗಳು ಜಿಗ್‌ಬೀ ಎಂಬ, ಕಡಿಮೆ ವಿದ್ಯುತ್ ಬಳಸುವ ನಿಸ್ತಂತು ಜಾಲದಲ್ಲಿವೆ. ಈ ಜಾಲದಲ್ಲಿ ಸದಾ ವಿದ್ಯುತ್ ಸಂಪರ್ಕವಿರುವ ಸಾಧನಗಳು ಬೇರೆ ಸಾಧನಗಳ ಸಂಕೇತವನ್ನು ಮುಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ಹಾಗಾಗಿ ದೂರದ ಕೋಣೆಯ ಸೆನ್ಸರಿಗಾಗಿ ನಡುವೆ ಒಂದು ಜಿಗ್‌ಬೀ ಸ್ಮಾರ್ಟ್ ಪ್ಲಗ್ ಹಾಕಿಟ್ಟಿದ್ದೇನೆ. ಹೊಸದಾಗಿ ಆರಂಭಿಸುವವರು 2022ರಲ್ಲಿ ಬಂದ ಮ್ಯಾಟರ್ ಮಾನದಂಡವನ್ನು ಪಾಲಿಸುವ ಸಾಧನಗಳನ್ನೂ ಪರಿಗಣಿಸಬಹುದು. ಬೇರೆ ಬೇರೆ ತಯಾರಕರ ಸಾಧನಗಳು ಮನೆಯ ಜಾಲದೊಳಗೇ ಪರಸ್ಪರ ಹೊಂದಿಕೊಂಡು ಕೆಲಸ ಮಾಡಲೆಂದೇ ಅದನ್ನು ರೂಪಿಸಿದ್ದಾರೆ.

ಅಡುಗೆಮನೆಯ ಸಿಂಕಿನ ಕೆಳಗೆ, ವಾಷಿಂಗ್ ಮಷೀನಿನ ಹಿಂದೆ ನೀರಿನ ಸೋರಿಕೆಯನ್ನು ತಿಳಿಸುವ ಸೆನ್ಸರುಗಳಿವೆ. ಅವು ವರ್ಷವಿಡೀ ಸುಮ್ಮನೆ ಬಿದ್ದಿರಬಹುದು, ಆದರೆ ಬೇಕಾದ ದಿನ ಬ್ಯಾಟರಿ ಮುಗಿದಿದ್ದರೆ ಇದ್ದೂ ಇಲ್ಲದಂತೆ. ಬ್ಯಾಟರಿ ಇಳಿಯುತ್ತಿದ್ದಂತೆ ಫೋನಿಗೆ ಸೂಚನೆ ಬರುವ ಏರ್ಪಾಡನ್ನು ಸೆನ್ಸರ್ ಜೋಡಿಸಿದ ದಿನವೇ ಮಾಡಬೇಕು. ಮುಂಬಾಗಿಲಿನ ಬೀಗವನ್ನು ಮಾತ್ರ ಈ ವ್ಯವಸ್ಥೆಗೆ ಸೇರಿಸಿಲ್ಲ. ಬಾಗಿಲು ತೆರೆದೇ ಉಳಿದಿದ್ದರೆ ಅಯಸ್ಕಾಂತದ ಸೆನ್ಸರ್ ನನಗೆ ತಿಳಿಸುತ್ತದೆ, ಬೀಗವನ್ನು ಕೀಲಿಯಿಂದಲೇ ಹಾಕುತ್ತೇವೆ.